ಹಸಿರು ಬಿದ್ದರೆ ಪಾಸು

ಮೂರನೆಯ ಸಲವೂ ಕೆಂಪೇ ಬಿತ್ತು.

ಮಾಳಿಂಗರಾಯ ಫೋನನ್ನು ಬಾಯಿಂದ ದೂರ ಹಿಡಿದು ನಿಂತ. ತರಗತಿ ಕಿಸಕ್ಕನೆ ನಕ್ಕಿತು. ಪ್ರಾಚಾರ್ಯ ಈರಬಸಪ್ಪ ನಗಲಿಲ್ಲ. ಅವರ ಕಣ್ಣು ಗೋಡೆಯ ದೊಡ್ಡ ಪರದೆಯ ಮೂಲೆಯಲ್ಲಿ ನೆಟ್ಟಿತ್ತು. ಬಿ.ಎ. ಎರಡನೆಯ ವರ್ಷದ ಎಲ್ಲರ ಹೆಸರೂ ಅಲ್ಲಿ ಹಸಿರಾಗಿದ್ದವು, ಇವನದೊಂದನ್ನು ಬಿಟ್ಟು.

"ಏನಂದಿ ಲೇ?"

"ಮೈ ನೇಮ್ ಈಸ್ ಮಾಳಿಂಗರಾಯ ಅಂದ್ನಿರಿ."

"ಪರದಿ ಮ್ಯಾಲೆ ಆಕಿ ಹಂಗ ಅಂದಾಳೇನು? ನಾಲಿಗಿ ಮ್ಯಾಲೆ ನಿಮ್ಮೂರ ಮೊರಬದ ಎರಿಮಣ್ಣು ಕುಂತೈತಿ ನಿಂದು!"

ಮತ್ತೆ ನಗು. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಅರುಣಾ ಹಾಜರಿ ಪುಸ್ತಕದತ್ತ ಬಾಗಿದಳು.

ನವಲಗುಂದದ ಈ ಕಾಲೇಜಿನಲ್ಲಿ ಆಕೆ ಇಂಗ್ಲಿಷ್ ಕಲಿಸುವ ಅತಿಥಿ ಉಪನ್ಯಾಸಕಿ. ಅತಿಥಿ! ಯಾವ ಮಾನವಂತರ ಮನೆಯಲ್ಲೂ ಅತಿಥಿಯನ್ನು ವರ್ಷಕ್ಕೊಮ್ಮೆ ಹೊರಗೆ ನೂಕಿ, ಅರ್ಜಿ ಹಾಕಿ ಮತ್ತೆ ಒಳಗೆ ಬಾ ಎನ್ನುವುದಿಲ್ಲ. ಈ ಸಲ ಅದೂ ಬೇಡವಾಗಿತ್ತು. ಇಂಗ್ಲಿಷಿನಲ್ಲಿ ಹಿಂದುಳಿದ ಹಳ್ಳಿ ಮಕ್ಕಳ ಉದ್ಧಾರಕ್ಕೆಂದು ಆಡಳಿತ ಮಂಡಳಿ ಯಾವುದೋ ಕಂಪನಿಯ ಜೊತೆ ಕೂಡಿ ಆನ್‌ಲೈನ್ ಕೋರ್ಸು ತಂದಿತ್ತು. ಅರುಣಾ ಹಿಂದೆ ಕುಳಿತು ಹಾಜರಿ ಹಾಕಬೇಕು, ಅಷ್ಟೇ. ಬಾಯಿ ತೆರೆಯುವಂತಿಲ್ಲ. ತೆರೆದರೆ ಯಂತ್ರಕ್ಕೆ ಅಡಚಣೆಯಂತೆ.

ಪಾಠಗಳೆಲ್ಲ ಕೊರೊನಾ ಕಾಲದಲ್ಲಿ ಚಿತ್ರೀಕರಿಸಿಟ್ಟವು. ಅರಿಸಿನ ಬಣ್ಣದ ಸೀರೆಯ ಮೇಡಮ್ ಒಬ್ಬಳು ಪರದೆಯ ಮೇಲೆ ಬಂದು ತನ್ನ ಪರಿಚಯ ಹೇಳಿಕೊಳ್ಳುತ್ತಾಳೆ. ಹೀಗೇ ಹೇಳಿ ಎನ್ನುತ್ತಾಳೆ. ಒಬ್ಬೊಬ್ಬರೇ ಫೋನಿಗೆ ಹೇಳಬೇಕು. ಆಕೆಯ ಮಾತಿಗೆ ತಾಳೆಯಾದರೆ ಹಸಿರು, ಇಲ್ಲವಾದರೆ ಕೆಂಪು. ಹುಡುಗರು ಸಂಶಯ ಕೇಳಿದರೆ ಆಕೆಗೆ ಕೇಳಿಸದು. ನೆಟ್ ಹೋದರೆ ತೆರೆದ ಬಾಯಿ ತೆರೆದಂತೆಯೇ ನಿಂತುಬಿಡುತ್ತಾಳೆ.

ಅರುಣಾಳಿಗೆ ಆಕೆಯ ಮುಖ ಕಂಡರಾಗದು. ಆ ನಗುವಿಗಂತೂ ಮೈಯೆಲ್ಲ ಉರಿಯುತ್ತಿತ್ತು. ಹೇಳಿದ್ದನ್ನೆಲ್ಲ ಮಾಡಿಕೊಟ್ಟರೆ ನೌಕರಿ ಕಾಯಂ ಆದೀತೆಂದು ನಂಬಿದ ಹೆಣ್ಣಿನ ನಗು ಅದು. ಆ ದಡ್ಡಿ ಎಲ್ಲಿ ಕೆಮ್ಮುತ್ತಾಳೆ, ಎಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತಾಳೆ, ಎಲ್ಲವೂ ಅರುಣಾಳಿಗೆ ಬಾಯಿಪಾಠ.

ಬೆಳಿಗ್ಗೆ ಪ್ರಾಚಾರ್ಯರು ತಮ್ಮ ಕೋಣೆಗೆ ಕರೆಸಿ ಹೇಳಿದ್ದರು:

"ಇವತ್ತ ಎಲ್ಲಾರೂ ಹಸರ ಆದ್ರಂದ್ರ ಸೋಮವಾರದಿಂದ ನಿಮ್ಮ ತಾಸು ಬಂದ್ ನೋಡ್ರಿ ಮೇಡಮ್. ಒಬ್ಬಾಂವ ಕೆಂಪ ಉಳದ್ರೂ, ಕಲಿಸೂ ಮಂದಿ ಬೇಕಂತ ನಾನ ಬರದು ಕೊಡ್ತೀನಿ."

"ಅಲ್ರಿ ಸರ್, ಅದರಾಗ ಹುಡುಗೂರಿಗೆ ಏನರ ತಿಳದೈತೇನ್ರಿ?"

"ಆಕಿ ಏನ್ ಕಡಿಮಿ ಕಲಸ್ಯಾಳ ಹೇಳ್ರಿ ನೋಡೂಣು? ನಿಮಗ ಬರೂದೆಲ್ಲಾ ಆಕಿಗೂ ಬರತೈತಿ. ಮ್ಯಾಲೆ ರಜಾ ಕೇಳೂದಿಲ್ಲ, ಪಗಾರ ಕೇಳೂದಿಲ್ಲ!"

ತಮ್ಮ ಚೇಷ್ಟೆಗೆ ತಾವೇ ಹೊಟ್ಟೆ ಕುಣಿಸಿ ನಕ್ಕಿದ್ದರು. ಚಹಾ ತಂದ ಸಿಪಾಯಿ ನಬೀಸಾಬ ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ; ತರಗತಿ ಶುರುವಾಗುವ ಮೊದಲೇ ಸುದ್ದಿ ಹುಡುಗರಿಗೂ ಮುಟ್ಟಿತ್ತು.

ಈಗ ಆಕೆಯ ಅನ್ನ ಈ ಒಬ್ಬ ಹುಡುಗನ ನಾಲಿಗೆಯ ಮೇಲೆ ನಿಂತಿತ್ತು.

ಮುಂದಿನ ಬೆಂಚಿನ ಮಂಜುಳಾ ಪಿಸುಗುಟ್ಟಿದಳು. "ಲೇ ಮಾಳ್ಯಾ, ನಾವೆಲ್ಲಾ ಅಂದಂಗ ಅಂದು ಕುಂಡ್ರಬಾರದನ? ಭಾಳ ಶ್ಯಾಣ್ಯಾ ಆಗಬ್ಯಾಡ."

"ನನಗ ಬಾಯಿ ಬರವಲ್ದು."

"ಎರಡ ಮಾತಿಗೆ ಬಾಯಿ ಬರವಲ್ದಂತ! ಬಸ್ಸಿನ್ಯಾಗ ಊರೆಲ್ಲಾ ಕೇಳೂವಂಗ ಒದರತಿ."

ಮಾಳಿಂಗರಾಯ ಹಿಂದಿನ ಬೆಂಚಿನತ್ತ ಒಮ್ಮೆ ನೋಡಿದ. ಅರುಣಾ ತಲೆ ತಗ್ಗಿಸಿದಳು. ಅವನು ಫೋನೆತ್ತಿ ಮತ್ತೆ ತನ್ನ ಹೆಸರನ್ನೇ ಹೇಳಿದ.

ಕೆಂಪು.

ಅರುಣಾಳ ಎದೆಯಲ್ಲಿ ಖುಷಿಯೊಂದು ಮಿಸುಕಿತು. ಮರುಗಳಿಗೆ ಆ ಖುಷಿಗೆ ಆಕೆಗೇ ಹೇಸಿಗೆಯಾಯಿತು. ಹುಡುಗ ಸೋತರೆ ತನಗೆ ತುತ್ತು! ಗುರುವನ್ನೂ ಶಿಷ್ಯನನ್ನೂ ಒಂದೇ ರೊಟ್ಟಿಗೆ ಕಚ್ಚಾಡಲು ಬಿಟ್ಟು ಕಂಪನಿಯ ಸೂಟುಬೂಟಿನವರು ಎಲ್ಲೋ ದೂರ ನಿಂತು ನೋಡುತ್ತಿದ್ದರು. ಇದಕ್ಕೆ ಅವರಿಟ್ಟ ಹೆಸರು ಶಿಕ್ಷಣ.

"ಸಾಕಿನ್ನ," ಎಂದರು ಈರಬಸಪ್ಪ. "ನಬೀಸಾಬ, ಆ ಫೋನ್ ಇಸಕೋ. ಇವಗ ಹಾಲ್ ಟಿಕೆಟ್ ಇಲ್ಲ, ಪರೀಕ್ಷಾನೂ ಇಲ್ಲ. ಹೋಗಲೇ, ನಿಮ್ಮಪ್ಪನ ಕೂಡ ಕುರಿ ಕಾಯಿ ಹೋಗು."

ಈ ಸಲ ಯಾರೂ ನಗಲಿಲ್ಲ. ಕುರಿ ಕಾಯುವ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗ ಅವನೆಂಬುದು ಎಲ್ಲರಿಗೂ ಗೊತ್ತಿತ್ತು.

ಅರುಣಾ ಎದ್ದು ನಿಂತಳು.

"ಕುಂಡರ್ರಿ ಮೇಡಮ್ಮರ," ಎಂದ ಸಿಪಾಯಿ ನಬೀಸಾಬ, ಕಣ್ಣು ನೆಲಕ್ಕಿಟ್ಟು. "ನೀವು ಮಾತಾಡಬಾರದಂತ ಐತ್ರಿ."

ಆಕೆ ಕೂರಲಿಲ್ಲ. "ಮಾಳಿಂಗರಾಯ, ಆಕಿ ಹೆಂಗಂದಾಳ ಹಂಗ ಅಂದುಬಿಡಪಾ. ಒಂದಕ್ಷರ ಹೆಚ್ಚಿಲ್ಲ, ಕಡಿಮಿಲ್ಲ."

ಹುಡುಗನ ಮುಖ ಸುಟ್ಟಂತಾಯಿತು. "ಬ್ಯಾಡ್ರಿ ಮೇಡಮ್. ನಿಮ್ಮ ಮುಂದ ನಾ ಹೆಂಗ ಅನ್ನಲಿರಿ?"

"ನಾನ ಹೇಳಾಕತ್ತೀನಲ್ಲ, ಅನ್ನು. ನಿನ್ನ ವರ್ಷ ಹಾಳಾಗೂದು ಬ್ಯಾಡ."

"ಸೋಮವಾರ ನೀವು ಇರೂದಿಲ್ಲಂತಲ್ರಿ, ಎಲ್ಲಾರೂ ಹಸರ ಆದ್ರ?"

"ಅದು ನನ್ನ ಚಿಂತಿ."

"ನೋಡ್ರಿ, ಮೇಡಮ್ಮರಿಗೂ ಬುದ್ಧಿ ಬಂತು," ಎಂದರು ಈರಬಸಪ್ಪ, ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ.

ಮಾಳಿಂಗರಾಯ ಫೋನನ್ನು ತುಟಿಗೆ ತಂದ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಅವನ ಉಚ್ಚಾರ ಸ್ವಚ್ಛವಾಗಿತ್ತು, ಒಂದಕ್ಷರವೂ ತೊದಲಲಿಲ್ಲ.

"ಮೈ ನೇಮ್ ಈಸ್ ಅರುಣಾ."

ಹಸಿರು ಬಿತ್ತು. ಗೋಡೆಯ ಮೇಲೆ ಅರಿಸಿನ ಬಣ್ಣದ ಸೀರೆಯ, ಕೊರೊನಾ ವರ್ಷದ ಅರುಣಾ ನಗುನಗುತ್ತ ಅವನಿಗೆ ಚಪ್ಪಾಳೆ ತಟ್ಟಿದಳು.