ಹಳದಿ ದೀಪ

"ತೆಗೆದಿದ್ದನ್ನ ವಾಪಸ್ ಹಾಕ್ಬೇಕು. ಆ ಹಳದಿ ಲೈಟ್ ಮೊದಲಿನ ಹಾಗೇ ಹತ್ತಬೇಕು."

ಝುಬೇರನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಹಿರೇಹಳ್ಳಿಯಲ್ಲಿ ಅವನು ಗ್ಯಾರೇಜ್ ಇಟ್ಟು ಹನ್ನೊಂದು ವರ್ಷ. ಆ ದೀಪ ಹತ್ತದ ಹಾಗೆ ಮಾಡಿಕೊಡು ಎಂದು ಬಂದವರು ನೂರಾರು ಜನ. ಹತ್ತುವ ಹಾಗೆ ಮಾಡು ಎಂದವರು ಒಬ್ಬರೂ ಇಲ್ಲ. ಅಂಥ ಮಾತಾಡುವವನು ಒಂದೋ ತಲೆಕೆಟ್ಟವನು, ಇಲ್ಲವೇ ಸಾರಿಗೆ ಇಲಾಖೆಯ ಕಡೆಯವನು.

ಎದುರಿಗಿದ್ದ ಪರಮಶಿವಯ್ಯನವರು ತಲೆಕೆಟ್ಟವರಲ್ಲ. ಬಟವಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ, ಹಣೆಯಲ್ಲಿ ವಿಭೂತಿ, ಕೈ ಬಹಳ ಬಿಗಿ. ಹಾಗಾದರೆ ಇವರನ್ನು ಯಾರೋ ಕಳಿಸಿದ್ದಾರೆ. ಹೋದ ವಾರವಷ್ಟೇ ಪಕ್ಕದ ರಸ್ತೆಯ ಗ್ಯಾರೇಜಿಗೆ ಅಧಿಕಾರಿಗಳು ನುಗ್ಗಿ, ಲ್ಯಾಪ್‌ಟಾಪ್ ಎತ್ತಿಕೊಂಡು, ಬಾಗಿಲಿಗೆ ಸೀಲ್ ಹಾಕಿ ಹೋಗಿದ್ದರು. ಝುಬೇರನಿಗೆ ಲ್ಯಾಪ್‌ಟಾಪ್ ಹೋದರೆ ಅನ್ನವೇ ಹೋದಂತೆ.

ಅವನದು ಕದ್ದು ಮಾಡುವ ಕೆಲಸವೇ. ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಒಂದಿರುತ್ತದೆ. ಊರೊಳಗೇ ಓಡಾಡುವ ಗಾಡಿಯಲ್ಲಿ ಅದು ಬೇಗ ಕಟ್ಟಿಕೊಂಡು ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಆಗ ಹೈವೇಗೆ ತಂದು, ಎಲ್ಲೂ ನಿಲ್ಲಿಸದೆ ಅರ್ಧ ಗಂಟೆ ಓಡಿಸಬೇಕು. ಮಸಿ ಸುಟ್ಟುಹೋಗಿ ದೀಪ ಆರುತ್ತದೆ. ಈ ರಗಳೆಯೇ ಬೇಡ ಎನ್ನುವವರಿಗೆ ಝುಬೇರ್ ಫಿಲ್ಟರಿನ ಹೊಟ್ಟೆ ಬಗೆದು, ಬರೀ ಡಬ್ಬಿಯನ್ನು ವೆಲ್ಡ್ ಮಾಡಿ ಕೂರಿಸುತ್ತಿದ್ದ. ಆಮೇಲೆ ಇಂಜಿನ್ನಿನ ಕಂಪ್ಯೂಟರಿಗೆ ಬೇರೆ ಪ್ರೋಗ್ರಾಂ ತುಂಬಿ, ಫಿಲ್ಟರ್ ಎಂಬುದೇ ಇಲ್ಲವೆಂದು ಅದನ್ನು ನಂಬಿಸುತ್ತಿದ್ದ. ಕಂಪನಿಯ ಮೂಲ ಪ್ರೋಗ್ರಾಂ ಮಾತ್ರ ಗಾಡಿ ನಂಬರ್ ಸಮೇತ ಅವನ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತಿತ್ತು. ಈಗ ಅದನ್ನು ತೆರೆದರೆ ತಾನೇ ತಪ್ಪೊಪ್ಪಿಕೊಂಡ ಹಾಗೆ.

"ಯಾಕೆ ಯಜಮಾನ್ರೇ? ಎರಡು ವರ್ಷದಿಂದ ಆರಾಮಾಗಿ ಓಡ್ತಾ ಇದ್ಯಲ್ಲ."

"ಹೊಸ ಫಿಲ್ಟರ್ ತಂದಿದೀನಿ."

ಡಿಕ್ಕಿಯಲ್ಲಿ ಒಡೆಯದ ಪೆಟ್ಟಿಗೆ ಇತ್ತು. ಅದರ ಬೆಲೆಗೆ ಒಂದು ಬೈಕ್ ಬರುತ್ತದೆ. ಒಂದು ಲೀಟರ್ ಡೀಸೆಲ್ಲಿಗೂ ಹೊಟ್ಟೆ ಉರಿಸಿಕೊಳ್ಳುತ್ತಿದ್ದ ಮನುಷ್ಯ ಇವರೇನಾ ಎಂದು ಝುಬೇರನಿಗೆ ದಿಗಿಲಾಯಿತು.

ಎರಡು ವರ್ಷದ ಹಿಂದಿನ ಆ ದಿನ ಅವನಿಗೆ ಚೆನ್ನಾಗಿ ನೆನಪಿತ್ತು. "ಮೈಲೇಜ್ ಇಲ್ಲ, ಏನಿಲ್ಲ. ವಾರಕ್ಕೊಂದ್ಸಲ ಲೈಟ್ ಹತ್ತುತ್ತೆ. ಅಂಗಡಿ ಬಿಟ್ಟು ಗುಬ್ಬಿಗೋ ಕುಣಿಗಲ್ಲಿಗೋ ಸುಮ್ನೆ ಓಡಿಸ್ಕೊಂಡ್ ಹೋಗ್ಬೇಕು. ಇವಳೊಬ್ಬಳು, ಹಿಂದೇನೇ ಹೊರಡ್ತಾಳೆ" ಎಂದು ಪರಮಶಿವಯ್ಯನವರು ಕೂಗಾಡಿದ್ದರು. ಅವರ ಹೆಂಡತಿ ಹೊಂಬಾಳಮ್ಮ ಎಡಗಡೆ ಸೀಟಿನಲ್ಲಿ ಕೂತಿದ್ದರು. ಗ್ಯಾರೇಜಿಗೆ ಬರುವುದಕ್ಕೂ ಒಳ್ಳೆ ಸೀರೆ, ಮುಡಿ ತುಂಬ ಮಲ್ಲಿಗೆ. ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ನೋಡಿದ ಝುಬೇರ್, ಗಾಡಿ ನಿಂತಲ್ಲೇ ಇಂಜಿನ್ ಇನ್ನೂರು ಗಂಟೆ ಓಡಿದೆ, ಯಾರಾದರೂ ಎಸಿ ಹಾಕಿಕೊಂಡು ಮಲಗುತ್ತಾರಾ ಎಂದು ಕೇಳಿದ್ದ.

"ಕೀ ನಮ್ಮನೆ ಗೋಡೆ ಮೇಲಿರುತ್ತೆ. ನಿನ್ನ ಮಿಷನ್ನಿಗೇ ತಲೆ ಕೆಟ್ಟಿದೆ" ಎಂದು ಯಜಮಾನರು ರೇಗಿದ್ದರು.

ಕೆಲಸ ಮುಗಿದ ಮೇಲೆ ಹೊಂಬಾಳಮ್ಮ ಕಿಟಕಿ ಇಳಿಸಿದ್ದರು. "ಇನ್ನು ಆ ಲೈಟು ಹತ್ತೋದೇ ಇಲ್ವೇನಪ್ಪಾ?"

"ಜನ್ಮದಲ್ಲಿ ಹತ್ತಲ್ಲ, ಅಮ್ಮಾ."

"ಯಾವತ್ತೂ?"

ಈಕೆಗೆ ತನ್ನ ಕೆಲಸದ ಮೇಲೆ ನಂಬಿಕೆಯಿಲ್ಲ ಎಂದುಕೊಂಡ ಝುಬೇರ್, ಬಾನೆಟ್ ತಟ್ಟಿ ಗ್ಯಾರಂಟಿ ಕೊಟ್ಟಿದ್ದ.

"ಅಮ್ಮಾವ್ರು ಚೆನ್ನಾಗಿದಾರಾ?" ಈಗ ಮಾತು ಮರೆಸಲು ಕೇಳಿದ.

"ಹೋಗ್ಬಿಟ್ಲು. ಶಿವರಾತ್ರಿ ಕಳೆದ ಮೇಲೆ. ಎದೆ ಹಿಡ್ಕೊಂಡು ಕೂತೋಳು ಏಳ್ಲೇ ಇಲ್ಲ."

ಝುಬೇರನಿಗೆ ಈಗ ಎಲ್ಲ ಅರ್ಥವಾಯಿತು. ಯಾವ ಡಾಕ್ಟರೋ ಹೊಗೆಯ ಮಾತು ಎತ್ತಿರಬೇಕು. ಇವರು ಬಂದಿರುವುದು ಸಾಕ್ಷಿಗಾಗಿ. ಆದರೂ ಕೈ ಮುಗಿದು ಕಳಿಸಿಬಿಡಲು ಮನಸ್ಸು ಬರಲಿಲ್ಲ. ಆ ಮಲ್ಲಿಗೆ ಮುಡಿ ಕಣ್ಣಿಗೆ ಕಟ್ಟಿತ್ತು. ಆಗಿದ್ದಾಗಲಿ ಎಂದು ಗಾಡಿಯನ್ನು ಲಿಫ್ಟಿಗೆ ಏರಿಸಿದ.

ಮಧ್ಯಾಹ್ನದ ಹೊತ್ತಿಗೆ ಹೊಸ ಫಿಲ್ಟರ್ ಕೂತಿತು. ಝುಬೇರ್ ಹಳೆಯ ಫೈಲ್ ತೆರೆದ. ಮೂಲ ಪ್ರೋಗ್ರಾಂ ತುಂಬುವ ಮುಂಚೆ ಇಂಜಿನ್ನಿನ ಕಂಪ್ಯೂಟರಿನ ಲೆಕ್ಕ ನೋಡಿ ಹುಬ್ಬೇರಿಸಿದ. "ಯಜಮಾನ್ರೇ, ನಿಂತಲ್ಲೇ ಓಡಿರೋದು ಒಂಬೈನೂರು ಗಂಟೆ ದಾಟಿದೆ."

ಈ ಸಲ ಅವರು ಮಿಷನ್ನನ್ನು ಬೈಯಲಿಲ್ಲ. "ಗೊತ್ತು" ಎಂದರು.

ಪ್ರೋಗ್ರಾಂ ತುಂಬಿ ಕೀ ತಿರುಗಿಸಿದಾಗ ಮೀಟರಿನ ದೀಪಗಳೆಲ್ಲ ಒಮ್ಮೆ ಬೆಳಗಿದವು. ಪರಮಶಿವಯ್ಯನವರು ಬಗ್ಗಿ ಹಳದಿ ದೀಪದ ಮೇಲೆ ಬೆರಳಿಟ್ಟರು. ದೀಪ ಆರಿತು.

"ಅದು ಬರೀ ಚೆಕ್ಕಿಂಗು. ಮಸಿ ಕಟ್ಟಿದ್ರೆ ತಾನಾಗೇ ಹತ್ತುತ್ತೆ."

"ನಿಂತಲ್ಲೇ ಓಡಿಸಿದ್ರೆ ಬೇಗ ಹತ್ತುತ್ತೆ, ಅಲ್ವಾ?"

ಝುಬೇರನಿಗೆ ಇನ್ನು ತಡೆಯಲಾಗಲಿಲ್ಲ. "ನನ್ಮೇಲೆ ಕಂಪ್ಲೇಂಟ್ ಕೊಡ್ತೀರಾ? ಕೊಡೋದಾದ್ರೆ ಹೇಳ್ಬಿಡಿ ಯಜಮಾನ್ರೇ."

ಪರಮಶಿವಯ್ಯನವರು ಸುತ್ತಿ ಬಂದು ಎಡಗಡೆ ಸೀಟಿನಲ್ಲಿ ಕೂತರು. ಸೀಟ್ ಬೆಲ್ಟನ್ನು ಮಡಿಲಲ್ಲಿ ಹಿಡಿದುಕೊಂಡರು.

"ಕೊಟ್ರೆ ನನ್ಮೇಲೇ ಕೊಡ್ಬೇಕು ಕಣಪ್ಪಾ. ಇವಳ ಶಿವಗಣಾರಾಧನೆ ದಿನ ಎದುರುಮನೆ ಹುಡುಗಿ ಹೇಳಿದ್ಲು. ನಾನು ಸ್ಕೂಟರಲ್ಲಿ ಅಂಗಡಿಗೆ ಹೋದ್ಮೇಲೆ ಇವಳು ದಿನಾ ಕಾರ್ ಸ್ಟಾರ್ಟ್ ಮಾಡ್ಕೊಂಡು, ಈ ಸೀಟಲ್ಲಿ ಒಂದು ಗಂಟೆ ಮೀಟರ್ ನೋಡ್ತಾ ಕೂತಿರ್ತಿದ್ಲಂತೆ. ನೀನು ಫಿಲ್ಟರ್ ತೆಗೆದ್ಮೇಲೂ, ಎರಡು ವರ್ಷ."

ಅವರು ಮೀಟರಿನ ಕಡೆ ಬೆರಳು ತೋರಿದರು.

"ಲೈಟ್ ಹತ್ತಿದ್ರೆ ತಾನೇ ನಾನು ಅವಳನ್ನ ಹೊರಗೆ ಕರ್ಕೊಂಡ್ ಹೋಗ್ತಿದ್ದಿದ್ದು."