ಬಂಗು ಅಳಿಸಿದ ಫೋಟೋ

ಇದನ್ನು ಬರೆಯಲು ನನಗೇ ನಾಚಿಕೆ... ಆದರೂ ಓದಿ. ಓದಿದ ಮೇಲೆ ನನ್ನನ್ನು ಬೈದರೂ ಬೇಸರವಿಲ್ಲ.

ಅರಸೀಕೆರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಗೃಹಪ್ರವೇಶ... ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

ಹೆಂಗಸರ ಫೋಟೋ ಆದರೆ ಪ್ರಿಂಟ್ ಹಾಕುವ ಮೊದಲು ಮುಖ ಕ್ಲೀನ್ ಮಾಡುವುದು ನಮ್ಮ ರೂಢಿ. ಮೊಡವೆ, ಕಪ್ಪು ಕಲೆ, ಬಂಗು... ಎಲ್ಲ ಅಳಿಸಿ ಮುಖಪೂರ್ತಿ ಒಂದೇ ಬಣ್ಣ.

ಯಾರೂ ಕೇಳಿರುವುದಿಲ್ಲ, ನಾವೇ ಮಾಡಿಬಿಡುತ್ತೇವೆ. ಹಾರ್ಡ್‌ಡಿಸ್ಕ್ ತುಂಬುತ್ತದೆ ಅಂತ ಒರಿಜಿನಲ್ ಫೋಟೋಗಳನ್ನು ಆರು ತಿಂಗಳಿಗೆ ಡಿಲೀಟ್ ಮಾಡಿ, ಕ್ಲೀನ್ ಮಾಡಿದ್ದನ್ನು ಮಾತ್ರ ಇಟ್ಟುಕೊಳ್ಳುತ್ತೇವೆ.

ಕಳೆದ ತಿಂಗಳು ಒಂದು ಬೆಳಿಗ್ಗೆ ಹಾರ್ಡ್‌ವೇರ್ ಅಂಗಡಿಯ ಯಜಮಾನರು ಬಂದರು. ದೊಡ್ಡ ವ್ಯಾಪಾರ, ದೊಡ್ಡ ಬಾಯಿ. ಅವತ್ತು ಮಾತ್ರ ದನಿ ಮೆಲ್ಲಗಿತ್ತು. ಜೊತೆಗೆ ಪಿಯುಸಿ ಓದುವ ಮಗಳು ಭೂಮಿಕಾ.

ಅವರ ಹೆಂಡತಿ ದಾಕ್ಷಾಯಿಣಿ ಹಿಂದಿನ ವಾರ ತೀರಿಕೊಂಡಿದ್ದರು. ಮೆದುಳಿನಲ್ಲಿ ರಕ್ತಸ್ರಾವ... ನಲವತ್ತಮೂರು ವರ್ಷ ಅಷ್ಟೇ.

"ಭಾನುವಾರ ಶಿವಗಣಾರಾಧನೆ. ಪೂಜೆಗೆ ಇಡೋಕೆ ಅವಳದೊಂದು ದೊಡ್ಡ ಫೋಟೋ ಬೇಕು ಕಣಪ್ಪ," ಅಂದರು.

ಇಬ್ಬರ ಮೊಬೈಲಿನಲ್ಲೂ ಹುಡುಕಿದೆವು. ಒಂದರಲ್ಲಿ ಆಕೆ ಸೆರಗಿನಿಂದ ಕೆನ್ನೆ ಮುಚ್ಚಿಕೊಂಡಿದ್ದಾರೆ... ಇನ್ನೊಂದರಲ್ಲಿ ಯಾರದೋ ಹೆಗಲ ಹಿಂದೆ ನಿಂತಿದ್ದಾರೆ... ಮತ್ತೊಂದರಲ್ಲಿ ಮುಖವನ್ನೇ ತಿರುಗಿಸಿದ್ದಾರೆ.

ಕೊನೆಗೆ ಸಿಕ್ಕಿದ್ದು ಮೂರು ವರ್ಷದ ಹಿಂದೆ ಅವರ ಗೃಹಪ್ರವೇಶದಲ್ಲಿ ನಾನೇ ತೆಗೆದ ಒಂದು ಫೋಟೋ. ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ.

ಹುಡುಗಿ ತುಂಬ ಹೊತ್ತು ನೋಡಿದಳು.

"ಅಂಕಲ್... ಇದು ನಮ್ಮಮ್ಮ ಅಲ್ಲ."

"ನಿಮ್ಮಮ್ಮಾನೇ ಕಣಮ್ಮ. ನಾನೇ ತೆಗೆದಿದ್ದು."

"ಬಂಗು ಎಲ್ಲಿ?"

ನನಗೆ ಹೆಮ್ಮೆ ಬೇರೆ! "ಅದನ್ನ ಆಗ್ಲೇ ತೆಗ್ದುಬಿಟ್ಟಿದೀನಿ. ನೋಡು, ಎಷ್ಟು ಲಕ್ಷಣವಾಗಿ ಕಾಣ್ತಾರೆ," ಅಂದೆ.

"ವಾಪಸ್ ಹಾಕಿ ಅಂಕಲ್. ಯಾರದೋ ಮುಖಕ್ಕೆ ನಾನು ಪೂಜೆ ಮಾಡಲ್ಲ."

ಆಮೇಲೆ ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ನಾನು ಹೊಟ್ಟೇಲಿದ್ದಾಗ ಅಮ್ಮಂಗೆ ಬಂದಿದ್ದು ಅದು. ಆಗಿಂದಾನೂ ನೀವು ಆಡ್ಕೊಂಡಿದ್ದೇ. ನಿಂಬೆಹಣ್ಣು ಉಜ್ಜಿ ಉರಿ ತಡ್ಕೊಂಡ್ಳು. ಮೆಡಿಕಲ್ ಶಾಪಲ್ಲಿ ಯಾವುದೋ ಟ್ಯೂಬ್ ತಂದು ಹಚ್ಚಿ ಮುಖ ಕೆಂಪಗಾಗಿ ಸಿಪ್ಪೆ ಎದ್ದುಹೋಯ್ತು..."

ಅವಳೇ ಮುಂದುವರಿಸಿದಳು. "ಗೃಹಪ್ರವೇಶ ಆದ್ಮೇಲೆ ಹಾಸನದ ಸ್ಕಿನ್ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋದೆ. ಆ ಟ್ಯೂಬ್ ಬಿಡಿ, ಇದು ತುಂಬ ಹೆಂಗಸರಿಗೆ ಬರುತ್ತೆ, ಅಪಾಯ ಇಲ್ಲ, ದಿನಾ ಸನ್‌ಸ್ಕ್ರೀನ್ ಹಚ್ಚಿ, ಬಿಸಿಲಿಗೆ ಮುಖ ಒಡ್ಡಬೇಡಿ, ತಿಳಿಯಾಗೋಕೆ ತಿಂಗಳುಗಟ್ಟಲೆ ಬೇಕು ಅಂದ್ರು. ಆ ಚೀಟಿ ಹಿಡ್ಕೊಂಡು ಅಮ್ಮ ಅಂಗಡಿಗೆ ಬಂದ್ರೆ ನೀವೇನಂದ್ರಿ?"

ಯಜಮಾನರು ತಲೆ ತಗ್ಗಿಸಿದರು.

"ಆ ಮಸಿ ಮುಖಕ್ಕೆ ಎಷ್ಟು ಬಳಿದ್ರೂ ಅಷ್ಟೇ, ಈ ವಯಸ್ಸಲ್ಲಿ ಯಾರಿಗೆ ತೋರಿಸ್ಬೇಕು ಅಂದ್ರಿ. ಕೆಲಸದೋರ ಮುಂದೇನೇ. ಅವತ್ತಿಂದ ಅಮ್ಮ ಒಂದು ಫೋಟೋಕ್ಕೂ ಸರಿಯಾಗಿ ನಿಲ್ಲಲಿಲ್ಲ."



"ಹಾಕಪ್ಪ..." ಅಂದರು ಯಜಮಾನರು. "ಅವಳು ಹೆಂಗಿದ್ಲೋ ಹಂಗೇ ಹಾಕು."

ಒರಿಜಿನಲ್ ಡಿಲೀಟ್ ಆಗಿ ಯಾವ ಕಾಲವಾಯಿತೋ. ಈಗ ನಾನೇ ಕೈಯಾರೆ ಬಣ್ಣ ತುಂಬಬೇಕು. "ಎಲ್ಲಿತ್ತು ತೋರಿಸಿ ಸಾರ್," ಅಂದೆ.

ಅವರ ಬೆರಳು ಎಡಗೆನ್ನೆಯ ಹತ್ತಿರ ಹೋಯಿತು... ನಿಂತಿತು. ಬಲಗೆನ್ನೆಗೆ ಬಂತು... ಮತ್ತೆ ನಿಂತಿತು.

"ಇಲ್ಲಿ... ಅಲ್ಲ, ಈ ಕಡೆ... ಹಣೆ ಮೇಲೂ ಇತ್ತಾ?" ಎಂದು ನನ್ನನ್ನು ಕೇಳಿದರು. ನನಗೇನು ಗೊತ್ತು! ನಾನೂ ನೋಡದೇ ಅಳಿಸಿದವನು.

ಹದಿನೇಳು ವರ್ಷ ಅದನ್ನೇ ಆಡಿಕೊಂಡ ಗಂಡನಿಗೆ, ಅದು ಯಾವ ಕೆನ್ನೆಯಲ್ಲಿತ್ತು ಎಂದು ಗೊತ್ತಿರಲಿಲ್ಲ.

ಅವರು ಸ್ಟೂಲಿನ ಮೇಲೆ ಕುಸಿದು ಕೂತರು. "ನಾನು ಅವಳ ಮುಖಾನೇ ನೋಡಿಲ್ವಲ್ಲಪ್ಪ..." ಎಂದು ಬಿಕ್ಕಿ ಬಿಕ್ಕಿ ಅತ್ತರು.

ಮಗಳು ಸಮಾಧಾನ ಮಾಡಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು, ತನ್ನ ಮುಖದ ಮೇಲೆಯೇ ಬೆರಳಿಟ್ಟು ತೋರಿಸತೊಡಗಿದಳು.

"ಬಲಗಡೆ ಇಲ್ಲಿಂದ ಶುರು ಅಂಕಲ್, ಇದು ದೊಡ್ಡದು. ಎಡಗಡೆ ಚಿಕ್ಕದು, ಕಿವಿ ಕಡೆ ಹೋಗ್ತಾ ತಿಳಿಯಾಗುತ್ತೆ. ಮೇಲ್ದುಟಿ ಮೇಲೆ ಒಂಚೂರು... ಹಣೇಲಿ ಇರ್ಲಿಲ್ಲ."

ಒಂದೂವರೆ ಗಂಟೆ ಹಿಡಿಯಿತು. ನನ್ನ ಜೀವಮಾನದಲ್ಲಿ ಕಲೆ ಸೇರಿಸಿದ್ದು ಅದೊಂದೇ ಫೋಟೋಕ್ಕೆ.

ಮುಗಿದಾಗ ಭೂಮಿಕಾ ಪರದೆಯನ್ನು ಮೆಲ್ಲಗೆ ಮುಟ್ಟಿ "ಅಮ್ಮಾ..." ಅಂದಳು. ಆಮೇಲೆ ಪರದೆಯನ್ನು ಅಪ್ಪನ ಕಡೆ ತಿರುಗಿಸಿದಳು.

"ಈಗಾದ್ರೂ ನೋಡಿ ಅಪ್ಪಾ."

ಅವರಿಗೆ ತಲೆ ಎತ್ತಲು ಆಗಲಿಲ್ಲ.


*ಮನೆಯವರ ಮುಖದ ಕಲೆಯನ್ನು ಆಡಿಕೊಳ್ಳುವವರು ಆ ಮುಖವನ್ನು ಒಂದು ದಿನವೂ ಸರಿಯಾಗಿ ನೋಡಿರುವುದಿಲ್ಲ.*

ಕಣ್ಣು ಮುಚ್ಚಿಕೊಳ್ಳಿ... ನಿಮ್ಮ ಮನೆಯಾಕೆಯ ಮುಖದಲ್ಲಿ ಎಲ್ಲೆಲ್ಲಿ ಏನೇನಿದೆ, ಹೇಳಬಲ್ಲಿರಾ?