ಚೆಂಗಪ್ಪ ಜೋಡಿಸಿದ ಕೋವಿ

ನನ್ನ ನೆನಪು ಕೈಕೊಟ್ಟಿದೆ ಅನ್ನುವವರು ಬಾಯಿ ಮುಚ್ಚಿಕೊಂಡು ಕೇಳಿ. ಕೇಳಿದ ಮೇಲೆ ನಾಲ್ಕು ಜನಕ್ಕೆ ಹೇಳಿ.

ಕೊಡಗಿನ ಚೆಂಗಪ್ಪ ಬಿಡಿಭಾಗ ತರಿಸಿ, ತಾನಾಗಿಯೇ ಗುಂಡು ಏರಿಸಿಕೊಳ್ಳುವ ಬೇಟೆಕೋವಿ ಜೋಡಿಸಿದ್ದ. ಅವತ್ತು ಸೊಸೆ ಗಂಡುಮಗು ಹೆತ್ತಳು. ರಕ್ತ ಮಾತ್ರ ನಿಲ್ಲಲಿಲ್ಲ. ಊರಿನವನೇ ಓಡಿಸುತ್ತಿದ್ದ ಡಾಕ್ಟರ ಜೀಪು ಬೆಟ್ಟ ಹತ್ತುತ್ತಿರುವುದು ಅಂಗಳಕ್ಕೇ ಕಾಣುತ್ತಿತ್ತು.

ಚೆಂಗಪ್ಪ ಹೊಸ ಕೋವಿ ಎತ್ತಿಕೊಂಡ.

“ಅದು ಬೇಡ, ಹಳೇದು ತಗೊಳಿ,” ಎಂದಳು ಹೆಂಡತಿ. “ಮಗ ಹುಟ್ಟಿದ್ರೆ ಒಂದು ಗುಂಡು, ಸಾವಾದ್ರೆ ಎರಡು. ಊರೆಲ್ಲ ಕಿವಿ ಕೊಟ್ಟು ಕೂತಿದೆ.”

“ನಂಗೆ ಎಣಿಸೋಕೆ ಬರಲ್ವಾ? ಒಂದ್ಸಲ ಒತ್ತಿದ್ರೆ ಒಂದೇ ಹಾರೋದು. ನಾನೇ ಜೋಡಿಸಿದ್ದು ಕಣೇ!”

ಬಾನಿಗೆ ಹಿಡಿದು ಒಮ್ಮೆ ಒತ್ತಿದ. ಎರಡು ಹಾರಿದವು.

ಕೆಳಗಿನ ತಿರುವಿನಲ್ಲಿ ಜೀಪು ನಿಂತಿತು. ಆಮೇಲೆ ಮೆಲ್ಲಗೆ ಹಿಂದಕ್ಕೆ ತಿರುಗಿ ಬೆಟ್ಟ ಇಳಿಯಿತು.